ಖಾಲಾನ ಮೂಗು ಮತ್ತು ಅನಮೋಡದ ಸಾಬೂನು

ದಾಂಡೇಲಿಯಲ್ಲಿ ನಾನು ನಕಲು ಮಾಡದೆ ಬಿಟ್ಟ ಮನುಷ್ಯ ಸಿಗುವುದು ಕಷ್ಟ. ಕಾರ್ಖಾನೆಯ ಸೂಪರ್‌ವೈಜರು ಸಿಟ್ಟು ಬಂದಾಗ ಮೊದಲು ಪ್ಯಾಂಟು ಮೇಲಕ್ಕೆಳೆದುಕೊಂಡು ಆಮೇಲೆ ಬೈಯುವುದು, ಹಳಿಯಾಳ ಬಸ್ಸಿನ ಕಂಡಕ್ಟರು ಚಿಲ್ಲರೆ ಕೇಳಿದವರ ಮುಖ ನೋಡದೆ ಕಾಡಿನ ಕಡೆ ನೋಡುವುದು, ನಮ್ಮಪ್ಪ ಸಾರಿಗೆ ಉಪ್ಪಿಲ್ಲವೆಂದು ಅವ್ವನಿಗೆ ಹೇಳಲು ಧೈರ್ಯ ಸಾಲದೆ ಸುಮ್ಮನೆ ಕೆಮ್ಮುವುದು, ಎಲ್ಲ ಮಾಡಿದ್ದೇನೆ. ಇದಕ್ಕಾಗಿ ಬೈಗುಳ ತಿಂದಿದ್ದೇನೆ, ಒಂದೆರಡು ಸಲ ಏಟೂ ತಿಂದಿದ್ದೇನೆ. ಆದರೆ ನನ್ನ ನಕಲನ್ನು ನಿಂತು ಪೂರ್ತಿ ನೋಡಿ, ತಪ್ಪು ತಿದ್ದಿ, ಮತ್ತೊಮ್ಮೆ ಮಾಡಿಸಿದವರು ಒಬ್ಬರೇ. ನಮ್ಮ ಚಾಳಿನ ಕೊನೆಯ ಮನೆಯ ಖಾಲಾ.

ನಳದ ಹತ್ತಿರ ಹೆಂಗಸರೆಲ್ಲ ಕೊಡ ಇಟ್ಟುಕೊಂಡು ಕೂತಿದ್ದರು. ನಾನು ಒಂದು ಇಟ್ಟಂಗಿ ಚೂರನ್ನು ಸಾಬೂನು ಮಾಡಿಕೊಂಡು, ಖಾಲಾ ಅದನ್ನು ಕೊಳ್ಳುವ ರೀತಿ ತೋರಿಸುತ್ತಿದ್ದೆ. ಮೊದಲು ಅಂಗೈ ಮೇಲೆ ಕುಣಿಸಿ ತೂಕ ನೋಡಬೇಕು. ಆಮೇಲೆ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಕಟಕಟ ಬಡಿಯಬೇಕು. ಕೊನೆಗೆ ಒಂದು ಕಣ್ಣು ಮುಚ್ಚಿ, ದೀರ್ಘವಾಗಿ ಮೂಸಬೇಕು. ಹೆಂಗಸರು ನಗುವುದನ್ನು ತಟ್ಟನೆ ನಿಲ್ಲಿಸಿದಾಗಲೇ ನನ್ನ ಬೆನ್ನ ಹಿಂದೆ ಯಾರು ನಿಂತಿದ್ದಾರೆಂದು ತಿಳಿಯಿತು.

"ಎಡಗಣ್ಣು ಅಲ್ಲೋ ನಕಲಿ," ಅಂದರು ಖಾಲಾ. "ನಾ ಮುಚ್ಚೂದು ಬಲಗಣ್ಣು. ಎಡಗಣ್ಣಿಂದ ಅಂಗಡಿಯವನ ಮಾರಿ ನೋಡಕೋತ ಇರಬೇಕು. ನಾ ಮೂಸೂಮುಂದ ಅಂವಾ ಉಗುಳು ನುಂಗಿದ್ರ ಸಾಮಾನಿನಾಗ ಏನರೆ ಗಡಿಬಿಡಿ ಐತಿ ಅಂತ ತಿಳಕೋ. ಮಾಡು, ಇನ್ನೊಮ್ಮೆ ಮಾಡು."

ಹೋದ ಮಳೆಗಾಲದಲ್ಲಿ ಖಾಲಾ ಜೊಯಿಡಾದಲ್ಲಿ ತೀರಿಕೊಂಡರು. ಸುದ್ದಿ ಬಂದ ಸಂಜೆ ಅದೇ ನಳದ ಹತ್ತಿರ ಹೆಂಗಸರು ನನ್ನನ್ನು ಕರೆದು, "ಒಮ್ಮೆ ಮಾಡಿ ತೋರಸೋ" ಅಂದರು. ಮಾಡಿದೆ. ಬಲಗಣ್ಣನ್ನೇ ಮುಚ್ಚಿದೆ. ಎಲ್ಲರೂ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಕಲಿನಲ್ಲಿ ಅವರ ಕೈ ಬರುತ್ತದೆ, ಕಣ್ಣು ಬರುತ್ತದೆ, ಮಾತೂ ಬರುತ್ತದೆ. ಅವರ ಮೂಗಿನ ಕಥೆ ಮಾತ್ರ ಬರುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಗಿಡ್ಡ ಆಳು, ಒಣಕಲು ಮೈ, ತಲೆ ತುಂಬ ಸೆರಗು, ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಗಂಡಸರ ಕರಿ ಛತ್ರಿ. ಖಾಲಾ ಎಂದರೆ ಅವ್ವನ ಅಕ್ಕತಂಗಿ. ಇವರು ಚಾಳಿನಲ್ಲಿ ಯಾರ ಅವ್ವನ ತಂಗಿಯೂ ಅಲ್ಲ, ಆದರೂ ಎಲ್ಲರಿಗೂ ಖಾಲಾ. ಅವರ ಗಂಡ, ನಾವೆಲ್ಲ ಚಾಚಾ ಎನ್ನುವವರು, ಒಮ್ಮೆ ಬಾಯಿ ತಪ್ಪಿ ತಾವೂ "ಖಾಲಾ, ಚಾ" ಎಂದು ಕರೆದಿದ್ದರಂತೆ. ಚಾಚಾ ಕಾರ್ಖಾನೆಯಲ್ಲಿ ಫಿಟ್ಟರ್. ಅವರ ನಕಲು ಮಾಡುವುದು ಬಹಳ ಸುಲಭ. ಬಾಯಿ ಮುಚ್ಚಿಕೊಂಡು ಕೂತರೆ ಆಯಿತು.

ಖಾಲಾನ ವಿದ್ಯೆ ಯಾವುದೆಂದರೆ, ಸಸ್ತಾ ಸಿಕ್ಕ ಸಾಬೂನು, ಎಣ್ಣೆ, ಪೌಡರುಗಳನ್ನು ಯಾವಾಗ ಕೂಡಿಟ್ಟರೆ ಲಾಭ, ಯಾವಾಗ ಕೂಡಿಟ್ಟರೆ ಹುಚ್ಚುತನ ಎಂದು ಹೇಳುವುದು. ಚಾಳಿನ ಹೆಂಗಸರು ಹಳಿಯಾಳ ಸಂತೆಗೆ ಹೊರಟರೆ ಖಾಲಾನನ್ನು ಮುಂದಿಟ್ಟುಕೊಂಡು ಹೋಗುತ್ತಿದ್ದರು. ಹೊರೆ ಹೊರಲು ನಾನು ಹಿಂದೆ. ಆಗ ಕಾರ್ಖಾನೆಯಲ್ಲಿ ನಾನಿನ್ನೂ ಬದಲಿ ಆಳು. ಯಾರಾದರೂ ರಜೆ ಹಾಕಿದರೆ ಮಾತ್ರ ನನಗೆ ಕೆಲಸ, ಉಳಿದ ದಿನ ಊರಿನ ಕೆಲಸವೆಲ್ಲ ನನ್ನದೇ.

ಹಳಿಯಾಳ ಪೇಟೆಯ ಒಬ್ಬ ಅಂಗಡಿಕಾರ ಖಾಲಾನನ್ನು ದೂರದಿಂದ ಕಂಡರೇ ತಲೆಯ ಟೋಪಿ ಸರಿಮಾಡಿಕೊಳ್ಳುತ್ತಿದ್ದ. ಒಂದು ಸಲ ಅವನೇ ಕರೆದು ಸಾಬೂನಿನ ಕಟ್ಟು ಮುಂದಿಟ್ಟ.

"ಯಾಕ ಸಸ್ತಾ?" ಅಂದರು ಖಾಲಾ.

"ನೀವಂತ ಹೇಳಿ, ಖಾಲಾ."

"ನಾ ಅಂತ ಬ್ಯಾಡ. ಖರೇ ಕಾರಣ ಹೇಳು."

"ತಮ್ಮ ಬ್ಯಾರೆ ಆದಾನ್ರಿ. ಗೋದಾಮು ಅವನ ಪಾಲಿಗೆ ಹೋತು. ನಾಳಿಗೆ ಬೀಗ ಹಾಕತೇನಿ ಅಂತಾನ. ಸಾಮಾನು ನನ್ನ ತಲಿ ಮ್ಯಾಲೆ ಇಟ್ಕೊಳ್ಳಲೇನ್ರಿ?"

ಖಾಲಾ ಬಡಿದರು, ಮೂಸಿದರು, ಎಡಗಣ್ಣಿನಿಂದ ಅವನನ್ನು ನೋಡಿದರು. ಅವನು ಉಗುಳು ನುಂಗಲಿಲ್ಲ. "ಇದ್ದಷ್ಟೂ ಕಟ್ಟು," ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಪಾಠ. "ಸಸ್ತಾ ಅಂದ್ರ ಎಲ್ಲೋ ಯಾರಿಗೋ ತ್ರಾಸು ಆಗೇತಿ ಅಂತ ಅರ್ಥ. ಅಂಗಡಿಯವನ ತ್ರಾಸಿದ್ರ ತಗೋ. ಸಾಮಾನಿನ ತ್ರಾಸಿದ್ರ ಬಿಡು. ಇಷ್ಟ ನೋಡು, ಮತ್ತೇನಿಲ್ಲ."

ಮತ್ತೇನಿಲ್ಲ ಎಂದರೂ ಇನ್ನೂ ಬೇಕಾದಷ್ಟಿತ್ತು. "ಸಾಬಾಣ ಅಂದ್ರ ಹಳೇ ಸೊಸಿ ಇದ್ದಂಗ. ಒಣಗಿದಷ್ಟು ಗಟ್ಟಿ, ಗಟ್ಟಿ ಆದಷ್ಟು ಬಾಳಕಿ. ಎಷ್ಟರೆ ಇಟ್ಕೋ. ಹಲ್ಲಿನ ಪುಡಿ ಅಂದ್ರ ಅಳಿಯ. ಒಂದು ಮಳಿಗಾಲ ಬಂತಂದ್ರ ಡಬ್ಬಿಯೊಳಗ ಕಲ್ಲಾಗಿ ಕುಂದರತಾನ, ತಿವಿದ್ರೂ ಹೊರಗ ಬರೂದಿಲ್ಲ." ಅವರ ಒಬ್ಬಳೇ ಮಗಳನ್ನು ಮುಂಡಗೋಡಿಗೆ ಕೊಟ್ಟಿತ್ತು. ಅಳಿಯನ ಮೇಲೆ ಖಾಲಾಗೆ ಸಿಟ್ಟಿರಲಿಲ್ಲ. ನಂಬಿಕೆ ಇರಲಿಲ್ಲ, ಅಷ್ಟೇ. ಆ ಮದುವೆಯಲ್ಲೂ ಊಟದ ಹೊತ್ತಿಗೆ ಹುಡುಗಿಯ ತಾಯಿಯೇ ಕಾಣೆಯಾಗಿದ್ದರು. ಎಲ್ಲ ಕಡೆ ಹುಡುಕಿ ನೋಡಿದರೆ, ಮುಂಡಗೋಡ ಪೇಟೆಯಲ್ಲಿ ಅಂಗಡಿ ಮುಚ್ಚಿ ಊರು ಬಿಡುತ್ತಿದ್ದ ಒಬ್ಬನ ಮುಂದೆ ನಿಂತು ಬ್ಲೇಡಿನ ಪೊಟ್ಟಣ ಬೆಳಕಿಗೆ ಹಿಡಿದು ತುಕ್ಕು ಹುಡುಕುತ್ತಿದ್ದರು. ಬೀಗಿತ್ತಿಗೆ ಸಿಟ್ಟು ಬಂತು. ಖಾಲಾ ಅವರ ಕೈಗೂ ಒಂದು ಪೊಟ್ಟಣ ಕೊಟ್ಟು, "ನಿಮ್ಮ ಮಗಾ ಗಡ್ಡಾ ಬಿಡತಾನೋ ಬೋಳಸ್ತಾನೋ? ಮೊದಲ ಹೇಳ್ರಿ, ಅದರ ಮ್ಯಾಲೆ ತಗೋತೇನಿ" ಅಂದರಂತೆ.

ಈ ಪ್ರಶ್ನೆಯ ಹಿಂದೆ ಒಂದು ಗಾಯವಿತ್ತು. ಬಹಳ ಹಿಂದೆ, ಚಾಚಾಗೆ ಎಣ್ಣೆ ಇಳಿಯುವಷ್ಟು ಕೂದಲಿದ್ದ ಕಾಲದಲ್ಲಿ, ಖಾಲಾ ಕೇಶತೈಲದ ಒಂದು ಪೆಟ್ಟಿಗೆಯನ್ನೇ ತಂದು ಅಟ್ಟಕ್ಕೆ ಏರಿಸಿದ್ದರು. ಪೆಟ್ಟಿಗೆ ಅರ್ಧಕ್ಕೆ ಬರುವ ಮೊದಲೇ ಚಾಚಾನ ತಲೆ ಪೂರ್ತಿ ಮುಗಿದಿತ್ತು. "ಸಾಮಾನು ಮೊದಲ ಮುಗೀತದೋ, ಹಚ್ಚಿಕೊಳ್ಳೋದು ಮೊದಲ ಮುಗೀತದೋ, ಅದನ್ನ ನೋಡಬೇಕಪಾ" ಎನ್ನುವಾಗ ಖಾಲಾ ಗಂಡನ ತಲೆಯ ಕಡೆ ನೋಡುತ್ತಿದ್ದರು. ಚಾಚಾ ಬೀಡಿ ಹಚ್ಚಿಕೊಂಡು ಆಕಾಶ ನೋಡುತ್ತಿದ್ದರು.

ಖಾಲಾನನ್ನು ಕೇಳದೆ ಕೊಂಡವರ ಗತಿ ಏನೆಂಬುದಕ್ಕೆ ನಾನೇ ಸಾಕ್ಷಿ. ನಮ್ಮವ್ವ ಒಮ್ಮೆ ತಾನೇ ಜಾಣತನ ಮಾಡಿ ಕೂಸುಗಳ ಪೌಡರಿನ ಡಬ್ಬಿಗಳನ್ನು ಸಸ್ತಾ ಸಿಕ್ಕವೆಂದು ಹೊತ್ತು ತಂದಳು. ಖಾಲಾ ನೋಡಿ, "ಕೂಸು ಎಲ್ಲೈತಿ ನಿಮ್ಮನ್ಯಾಗ?" ಅಂದರು. ಅವ್ವ ಆಚೀಚೆ ನೋಡಿ, ಬೇರೆ ದಾರಿ ಕಾಣದೆ ನನ್ನ ಕಡೆ ಬೆರಳು ಮಾಡಿದಳು. ಆ ವರ್ಷವೆಲ್ಲ ನಾನು ಮೀಸೆಯ ಮೇಲೆ ಕೂಸಿನ ಪೌಡರು ಹಚ್ಚಿಕೊಂಡು ಪಾಳಿಗೆ ಹೋದೆ. ಸೂಪರ್‌ವೈಜರು ಪ್ಯಾಂಟು ಮೇಲಕ್ಕೆಳೆದುಕೊಂಡು, "ತೊಟ್ಟಿಲ ಬಿಟ್ಟು ಬಂದಿಯೇನು?" ಎಂದು ಕೇಳುತ್ತಿದ್ದರು.

ಖಾಲಾ ಕೂಡಿಟ್ಟದ್ದೆಲ್ಲ ಅವರ ಎರಡು ಕೋಣೆಯ ಮನೆಯಲ್ಲಿ ಎಲ್ಲಿ ಹೋಗುತ್ತಿತ್ತು? ಚಾಚಾನ ಹೊರಸಿನ ಕೆಳಗೆ. ಹೊಸ ಪೆಟ್ಟಿಗೆ ಬಂದಾಗಲೆಲ್ಲ ಹೊರಸಿನ ನಾಲ್ಕೂ ಕಾಲಿಗೆ ಒಂದೊಂದು ಇಟ್ಟಂಗಿ ಏರುತ್ತಿತ್ತು. ಪಾಳಿ ಮುಗಿಸಿ ಬಂದ ಚಾಚಾ ಹೊರಸು ಹಿಂದಿನ ದಿನಕ್ಕಿಂತ ಎತ್ತರವಾಗಿದ್ದರೆ, ಅದನ್ನೊಮ್ಮೆ ಖಾಲಾನನ್ನೊಮ್ಮೆ ನೋಡಿ, ಮಾತಾಡದೆ ಏರಿ ಮಲಗುತ್ತಿದ್ದರು. ಕಡೆಕಡೆಗೆ ಏರಲು ಸ್ಟೂಲು ಬೇಕಾಯಿತು. ಮಲಗಿದಲ್ಲಿಂದ ಕೈ ಚಾಚಿದರೆ ಹಂಚು ಸಿಗುತ್ತಿತ್ತು.

ಅಷ್ಟರಲ್ಲಿ ಚಾಚಾ ರಿಟೈರ್ ಆಗುವ ವರ್ಷ ಬಂತು. ರಿಟೈರ್ ಆದರೆ ಕ್ವಾರ್ಟರ್ಸು ಬಿಡಬೇಕು. ಅದು ಎಲ್ಲರಿಗೂ ಗೊತ್ತಿರುವ ನಿಯಮ, ಆದರೂ ಯಾರಿಗೂ ತಮ್ಮ ಮನೆಗೆ ಬರುತ್ತದೆಂದು ಅನ್ನಿಸಿರುವುದಿಲ್ಲ. ಮುಂಡಗೋಡದ ಅಳಿಯ ದೊಡ್ಡ ಮನಸ್ಸು ಮಾಡಿ, "ನಮ್ಮನ್ಯಾಗ ಬಂದಿರ್ರಿ" ಎಂದು ಹೇಳಿ ಕಳಿಸಿದ. ಚಾಚಾ ಹೂಂ ಎನ್ನುವ ಹಾಗೆ ಕಂಡರು. ಖಾಲಾ ನಳದ ಹತ್ತಿರ ಕೊಡ ಕುಕ್ಕಿ ಹೇಳಿದರು: "ಅಳಿಯನ ಮನ್ಯಾಗ ಸಾಬಾಣ ಕೇಳಿ ಇಸಗೊಂಡು ಜಳಕಾ ಮಾಡೂ ಹೆಂಗಸಲ್ಲ ನಾ."

ಸೂಪಾ ಊರು ಅಣೆಕಟ್ಟಿನ ನೀರಿಗೆ ಹೋಗಿ, ಕಚೇರಿಗಳೆಲ್ಲ ಜೊಯಿಡಾಕ್ಕೆ ಬಂದು ಕೂತ ಕಾಲ ಅದು. ಕಚೇರಿ ಬಂದಲ್ಲಿ ಕಾರಕೂನ ಬರುತ್ತಾನೆ, ಕಾರಕೂನ ಬಂದಲ್ಲಿ ಜಳಕ ಇರುತ್ತದೆ ಎಂದು ಖಾಲಾ ಲೆಕ್ಕ ಹಾಕಿದರು. ಜೊಯಿಡಾದಲ್ಲಿ ರಸ್ತೆಗೆ ಮುಖ ಮಾಡಿದ ಒಂದು ಕೋಣೆ, ಹಿಂದೆ ಅಡಿಗೆಮನೆ, ಬಾಡಿಗೆಗೆ ಸಿಕ್ಕಿತು. ಮುಂದಿನ ಕೋಣೆಯೇ ಅಂಗಡಿ. ಅದು ನಡೆದರೆ ತಮ್ಮ ಮನೆ, ನಡೆಯದಿದ್ದರೆ ಅಳಿಯನ ಮನೆ. ಹೊರಸಿನ ಕೆಳಗಿದ್ದ ದಾಸ್ತಾನು ಚಾಳಿಗೆ ದೊಡ್ಡದು, ಅಂಗಡಿಗೆ ಸಣ್ಣದು. ಇನ್ನೊಂದು ದೊಡ್ಡ ಖರೀದಿ ಬೇಕಿತ್ತು. ಚಾಚಾ ರಿಟೈರ್ ಆಗುವ ಮೊದಲೇ ಫಂಡಿನಿಂದ ತೆಗೆದ ದುಡ್ಡಿನಲ್ಲಿ ಅಂಗಡಿಗೆಂದು ತೆಗೆದಿಟ್ಟ ಪಾಲು ಅದೊಂದಕ್ಕೇ ಸಾಕಾಗುವಷ್ಟು. ಎರಡನೆಯದಕ್ಕೆ ಇಲ್ಲ.

ಹಾಗಿರುವಾಗ ಕಟ್ಟಿಗೆ ಡಿಪೋದ ಹತ್ತಿರ ಒಂದು ಲಾರಿ ಕೆಟ್ಟು ನಿಂತಿದೆ, ತುಂಬ ಸಾಬೂನಿನ ಪೆಟ್ಟಿಗೆಗಳಿವೆ, ಡ್ರೈವರ್ ಸಿಕ್ಕ ರೇಟಿಗೆ ಕೊಡುತ್ತಾನೆ ಎಂದು ನಾನೇ ಓಡಿ ಬಂದು ಹೇಳಿದೆ. ಖಾಲಾ ಛತ್ರಿ ಕಂಕುಳಿಗೆ ಹಾಕಿಕೊಂಡು ಹೊರಟರು.

"ಯಾಕ ಸಸ್ತಾ?"

ಡ್ರೈವರ್ ಗೋವಾ ಕಡೆಯವನು, ಪ್ರಾಮಾಣಿಕ ಮುಖದವನು. "ಬಾಯಿ, ಗೋವಾ ಗಡಿಯ ಅನಮೋಡ ನಾಕ್ಯಾದಾಗ ಮಳ್ಯಾಗ ಸಿಕ್ಕಿಬಿದ್ದೆ. ಘಾಟಿನಾಗ ಗುಡ್ಡ ಕುಸಿದು ಲಾರಿಗೆ ಲಾರಿ ನಿಂತಿದ್ದವು. ತಾಡಪತ್ರಿ ಸೋರಿ ಕಾಗದ ತೊಯ್ದಾವು. ಹುಬ್ಬಳ್ಳಿ ಸಾಹುಕಾರ ಒಂದು ಪೆಟ್ಟಿಗಿ ತೆಗೆದು ನೋಡಿದ, ಮುಚ್ಚಿದ, ವಾಪಸು ಒಯ್ಯಿ ಅಂದ. ಗೋವಾದ ಮಾಲಕ ಫೋನಿನಾಗ, ದಾರಿ ಮ್ಯಾಲೆ ಹೆಂಗರೆ ಮಾರಿ ಬಾ ಅಂದಾನ."

ಖಾಲಾ ಗಲ್ಲದ ಮೇಲೆ ಬೆರಳಿಟ್ಟುಕೊಂಡರು. ಇದು ಅಂಗಡಿಯವನ ತ್ರಾಸೂ ಅಲ್ಲ, ಸಾಮಾನಿನ ತ್ರಾಸೂ ಅಲ್ಲ. ಲಾರಿಯ ತ್ರಾಸು. ಅವರ ಶಾಸ್ತ್ರದಲ್ಲಿ ಇದಕ್ಕೆ ಜಾಗವಿರಲಿಲ್ಲ.

"ಲಾರ್ಯಾಗ ಮತ್ತೇನಿತ್ತು?"

"ಏನೇನೋ ಇತ್ತು. ತೆಂಗಿನಕಾಯಿ, ಒಣಮೀನ, ಒಣ ಸಿಗಡಿ ಚೀಲ. ನಂದು ಯಾವಾಗಲೂ ಒಣಮೀನಿನ ಲಾರಿನ, ಬಾಯಿ. ಅವನ್ನ ಹುಬ್ಬಳ್ಳ್ಯಾಗ ಇಳಿಸಿ ಬಂದೆ."

"ಮೀನ?" ಖಾಲಾ ಎಚ್ಚೆತ್ತರು. ನಡುವಿನ ಪೆಟ್ಟಿಗೆ ತೆಗೆಸಿದರು, ಅಡಿಯ ಪೆಟ್ಟಿಗೆ ತೆಗೆಸಿದರು. ತೊಯ್ದು ಬಣ್ಣ ಬಿಟ್ಟ ಕಾಗದ ಸುಲಿದರೆ ಒಳಗೆ ಗುಲಾಬಿ ಬಿಲ್ಲೆ ಗಟ್ಟಿಯಾಗಿತ್ತು. ಬಡಿದರು, ಸರಿಯಾದ ಸದ್ದು. ಬಲಗಣ್ಣು ಮುಚ್ಚಿ ಮೂಸಿದರು. ನನಗೆ ಮೂಸು ಅಂದರು. ನಮ್ಮ ಹಿಂದೆಯೇ ಬಂದು ದೂರ ನಿಂತಿದ್ದ ಚಾಚಾನನ್ನು ಕರೆದು ಮೂಸಿಸಿದರು. ಡ್ರೈವರ್ ತಾನೂ ಮೂಸಿ, "ಗುಲಾಬಿ ಅದ, ಮಸ್ತ್" ಅಂದ. ಅವನು ಉಗುಳೂ ನುಂಗಲಿಲ್ಲ, ಕಣ್ಣೂ ತಪ್ಪಿಸಲಿಲ್ಲ. ನಾಲ್ಕು ಮೂಗು ಒಪ್ಪಿದ ಮೇಲೆ ಖಾಲಾ, "ಇಳಸ್ರಿ," ಅಂದರು. "ಎಲ್ಲಾ ಇಳಸ್ರಿ."

ಇಲ್ಲಿ ನಮ್ಮ ಊರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಹೊರಗಿನವರು ದಾಂಡೇಲಿಯಲ್ಲಿ ಬಸ್ಸಿಳಿದ ಕೂಡಲೇ ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ಬಿದಿರು ಬೇಯಿಸಿ ಕಾಗದ ಮಾಡುವ ಊರು. ಆ ಬೇಯಿಸುವ ವಾಸನೆ ಗಾಳಿ, ಬಟ್ಟೆ, ಅನ್ನ ಎಲ್ಲದರಲ್ಲೂ ಇರುತ್ತದಂತೆ. ನಾನು 'ಅಂತೆ' ಎಂದೇ ಹೇಳಬೇಕು, ಏಕೆಂದರೆ ಅಲ್ಲೇ ಹುಟ್ಟಿದ ನಮಗೂ ಬಂದು ಹಳಬರಾದವರಿಗೂ ಅದು ಗೊತ್ತಾಗುವುದಿಲ್ಲ. ಬೀಗರು ಮೂಗು ಮುಚ್ಚಿಕೊಂಡರೆ ಪಾಪ ನೆಗಡಿ ಎಂದುಕೊಂಡು ಕಷಾಯ ಕಾಸಿ ಕೊಡುತ್ತಿದ್ದೆವು. ನಮ್ಮ ಮೂಗುಗಳು ಯಾವಾಗಲೋ ರಿಟೈರ್ ಆಗಿದ್ದವು, ಕ್ವಾರ್ಟರ್ಸು ಮಾತ್ರ ಬಿಟ್ಟಿರಲಿಲ್ಲ. ಇನ್ನು ಆ ಡ್ರೈವರ್, ಹದಿನೆಂಟು ವರ್ಷದಿಂದ ಒಣಮೀನಿನ ಜೊತೆ ಮಲಗಿ ಎದ್ದವನು. ಹೀಗೆ ಮೂಗಿಲ್ಲದವನೊಬ್ಬ ಮೂಗಿಲ್ಲದ ಮೂವರಿಗೆ, ಪೂರ್ಣ ಪ್ರಾಮಾಣಿಕತೆಯಿಂದ, ಸಿಗಡಿಯ ಸಾರ ಹೀರಿಕೊಂಡ ಗುಲಾಬಿ ಸಾಬೂನನ್ನು ಮಾರಿದ.

ಆ ದಿನ ನಮಗೆ ಇದ್ಯಾವುದೂ ತಿಳಿಯಲಿಲ್ಲ. ಖಾಲಾ ಖುಷಿಯಲ್ಲಿ ಚಾಳಿನ ಮನೆಮನೆಗೆ ಒಂದೊಂದು ಬಿಲ್ಲೆ ಹಂಚಿದರು. ನಾನು ಹೊರೆ ಹೊತ್ತಿದ್ದಕ್ಕೆ ಒಂದು ಕಟ್ಟು. ಆಮೇಲೆ ಚಾಳಿಗೆ ಬೆಕ್ಕು ಬರತೊಡಗಿದವು. ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಎಣಿಸುವುದನ್ನು ಬಿಟ್ಟೆವು. ಜಳಕ ಮಾಡಿ ಹೊರಬಂದರೆ ಬಚ್ಚಲ ಬಾಗಿಲಲ್ಲಿ ಸಾಲಾಗಿ ಕೂತಿರುತ್ತಿದ್ದವು. ನಾನು ಪಾಳಿಗೆ ಹೊರಟರೆ ಒಂದು ಬಿಳಿ ಬೆಕ್ಕು ಕಾರ್ಖಾನೆಯ ಗೇಟಿನವರೆಗೂ ಬರುತ್ತಿತ್ತು. ಕಾವಲುಗಾರ, "ಇದಕ್ಕೂ ಹಾಜರಿ ಹಾಕಬೇಕೇನು?" ಎಂದು ಕೇಳಿದ.

ಅವ್ವ ಹೇಳಿದಳು, "ಈ ವರ್ಷ ಕಾಡಿನಾಗ ಬೆಕ್ಕಿಗೆ ಬರಗಾಲ ಬಿದ್ದಿರಬೇಕು."

ಖಾಲಾ ಹೇಳಿದರು, "ಮೂಕ ಪ್ರಾಣಿಗೂ ಛಲೋ ಸಾಬಾಣ ತಿಳೀತೈತಿ ನೋಡ್ರಿ."

ಚಾಳಿಗೆ ಬಂದ ಹೊರಗಿನವರು ಮೊದಲಿಗಿಂತ ಬಿಗಿಯಾಗಿ ಮೂಗು ಮುಚ್ಚಿಕೊಂಡರು. ಅದೂ ಕಾರ್ಖಾನೆಯ ಲೆಕ್ಕಕ್ಕೇ ಹೋಯಿತು.

ಚಾಚಾ ರಿಟೈರ್ ಆದರು. ಹಾರ ಹಾಕಿದರು, ಭಾಷಣ ಮಾಡಿದರು. ಚಾಚಾಗೆ ಎರಡು ಮಾತು ಆಡಿರಿ ಎಂದರೆ ಎದ್ದು ನಿಂತು ಹಾರ ಸರಿಮಾಡಿಕೊಂಡು ಕೂತರು. ಸಾಮಾನು ಜೊಯಿಡಾಕ್ಕೆ ಹೋಯಿತು. ಅಂಗಡಿ ತೆರೆದು ಕೆಲವು ವಾರದ ಮೇಲೆ, ಕೆಲಸ ಸಿಗದ ಒಂದು ದಿನ, ನಾನು ನೋಡಿಬರಲು ಹೋದೆ. ಗುಲಾಬಿ ಬಿಲ್ಲೆಗಳ ಕಾಗದ ಸುಲಿದು, ಹೊಸ ಬಣ್ಣದ ಕಾಗದ ಸುತ್ತಿ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದರು. ನೋಡಲು ಮದುವೆಯ ಮಂಟಪದ ಹಾಗಿತ್ತು. ಖಾಲಾ ಮಾತ್ರ ಒಣಗಿದ್ದರು.

"ಬೆಂಕಿಪಟ್ಟಣ ಒಯ್ತಾರ, ಬೆಲ್ಲ ಒಯ್ತಾರ, ಬೀಡಿ ಒಯ್ತಾರ," ಅಂದರು. "ಸಾಬಾಣ ಕೈಯಾಗ ಹಿಡೀತಾರ, ಮಾರಿ ಹಿಂಗ ಮಾಡ್ತಾರ, ಇಡ್ತಾರ. ಯಾರೂ ಏನೂ ಹೇಳೂದಿಲ್ಲ. ಇದು ಹಿಂಗ ನಡದ್ರ ಮುಂಡಗೋಡಕ್ಕ ಹಾದಿ ಹಿಡೀಬೇಕಾಗ್ತೈತಿ." 'ಹಿಂಗ' ಎನ್ನುವಾಗ ಅವರು ಮಾಡಿ ತೋರಿಸಿದ ಮುಖವನ್ನು ನಾನು ಇವತ್ತಿಗೂ ಅಷ್ಟು ಚೆನ್ನಾಗಿ ಮಾಡಲಾರೆ. ಬೇರೆ ದಿನವಾಗಿದ್ದರೆ ಹೊಗಳುತ್ತಿದ್ದೆ.

ನಾನು ಅಲ್ಲಿರುವಾಗಲೇ ಒಬ್ಬ ಸಿದ್ದಿ ಹೆಂಗಸು ಬಂದಳು. ಕಾಡಿನ ಹಳ್ಳಿಯಿಂದ ಕಚೇರಿ ಕೆ‌ಲಸಕ್ಕೆ ಬಂದವಳು, ತಲೆಯ ಮೇಲೆ ಜೇನಿನ ಡಬ್ಬಿ. ಅವಳೂ ಬಿಲ್ಲೆ ಎತ್ತಿದಳು, ಮುಖ ಹಾಗೆ ಮಾಡಿದಳು, ಇಡಲು ಹೋದಳು. ಖಾಲಾ ಅವಳ ಕೈ ಹಿಡಿದುಕೊಂಡರು.

"ನೀನರೆ ಹೇಳವ್ವ. ಏನಾಗೇತಿ ಇದಕ್ಕ?"

ಅವಳು ಖಾಲಾನನ್ನೂ ಸಾಬೂನನ್ನೂ ನೋಡಿದಳು.

"ಬಾಯಿ, ಇದನ್ನ ಹಚ್ಕೊಂಡು ತೊಳೀಬೇಕೋ, ಹುಳಿ ಹಾಕಿ ಕುದಸಬೇಕೋ?"

"ಏನಂದಿ?"

"ಸಿಗಡಿ ನಾತ, ಬಾಯಿ. ರಸ್ತೆ ಆಕಡಿಂದನ ಬರತೈತಿ. ನಾ ಅಂದ್ಕೊಂಡೆ ನೀವು ಒಣಮೀನಿನ ಅಂಗಡಿ ಇಟ್ಟೀರಿ, ಒಳಗ ಬಂದು ನೋಡಿದ್ರ ಸಾಬಾಣ."

ಖಾಲಾ ಬಿಲ್ಲೆ ಕಸಿದುಕೊಂಡು ಮೂಸಿದರು. ನಾನೂ ಮೂಸಿದೆ. ಏನೂ ಇಲ್ಲ. ಆ ಹೆಂಗಸು ನಮ್ಮಿಬ್ಬರನ್ನು ಬಹಳ ಮರುಕದಿಂದ ನೋಡಿದಳು. "ಎಲ್ಲಿಂದ ಬಂದೀರಿ ನೀವು?" ಅಂದಳು. ದಾಂಡೇಲಿ ಎಂದೆವು. "ಹಾಂ" ಎಂದು ಬೆಲ್ಲ ತೆಗೆದುಕೊಂಡು ಹೋದಳು.

ಖಾಲಾ ಅದನ್ನು ನಂಬಲಿಲ್ಲ. "ನನ್ನ ಮೂಗು ಸುಳ್ಳು ಹೇಳೂದಿಲ್ಲ" ಎಂದು ಹಠ ಹಿಡಿದರು. ನಾನು ಹೊರಟಾಗ ಮುಖವನ್ನೂ ಕೊಡಲಿಲ್ಲ.

ಸ್ವಲ್ಪ ದಿನದ ಮೇಲೆ ಜೊಯಿಡಾ ಬಸ್ಸಿನ ಕಂಡಕ್ಟರು ನನ್ನನ್ನು ಹುಡುಕಿಕೊಂಡು ಬಂದು, ಖಾಲಾ ತುರ್ತಾಗಿ ಕರೆದಿದ್ದಾರೆ ಎಂದ. ಯಾರಿಗೋ ಏನೋ ಆಗಿದೆ ಎಂದು ಸಿಕ್ಕ ಬಸ್ಸು ಹತ್ತಿ ಹೋದೆ. ಖಾಲಾ ಅಂಗಡಿಯ ಹೊರಗೆ, ರಸ್ತೆಯ ಆಚೆ ಬದಿಗೆ, ಹಲಸಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು.

"ನಕಲಿ," ಅಂದರು. "ನನಗ ಮೂಗು ಬಂತೋ."

ದಾಂಡೇಲಿಯ ಗಾಳಿ ಬಿಟ್ಟು ಇಷ್ಟು ದಿನವಾದ ಮೇಲೆ, ಮುಂಜಾನೆ ಏಳುವಾಗ ಮೊದಲು ಮಣ್ಣಿನ ವಾಸನೆ ಬಂದಿತಂತೆ. ತಾನು ಹುಡುಗಿಯಾಗಿದ್ದಾಗ ಬರುತ್ತಿತ್ತು, ಆಮೇಲೆ ಮಣ್ಣೇ ಬದಲಾಗಿದೆ ಎಂದುಕೊಂಡಿದ್ದರಂತೆ. ಆಮೇಲೆ ಹಲಸಿನ ಹಣ್ಣಿನದು, ದನದ್ದು, ಒಲೆಯ ಹೊಗೆಯದು. ಆಮೇಲೆ ಪಕ್ಕದಲ್ಲಿ ಮಲಗಿದ್ದ ಚಾಚಾನದು. "ಬೀಡಿ, ಬೆವರು, ಕಾರಖಾನಿ ಎಣ್ಣಿ. ಇಷ್ಟು ವರ್ಷ ಯಾರ ಜೋಡಿ ಸಂಸಾರ ಮಾಡೀನಿ ಅಂತ ಇವತ್ತ ಗೊತ್ತಾತು. ಎಬ್ಬಿಸಿ ಜಳಕಕ್ಕ ಕಳಸಿದೆ. ಜಳಕಾ ಮಾಡಿ ಬಂದಾ." ಖಾಲಾ ಸೆರಗನ್ನು ಮೂಗಿಗೆ ಇನ್ನಷ್ಟು ಒತ್ತಿಕೊಂಡರು. "ಜಳಕಾ ಮಾಡಿ ಬಂದ ಮ್ಯಾಲೆ ಇನ್ನೂ ಹೆಚ್ಚಾತು."

ನಾನು ನಗಬಾರದೆಂದು ತುಟಿ ಕಚ್ಚಿದೆ. ಖಾಲಾ ತಾವೇ ಮೊದಲು ನಕ್ಕರು. ಆಮೇಲೆ ಅಂಗಡಿಯ ಸಾಬೂನಿನ ಮೆಟ್ಟಿಲುಗಳ ಕಡೆ ನೋಡಿದರು. ಎಲ್ಲ ದುಡ್ಡೂ ಅಲ್ಲಿ ಪೇರಿಸಿಟ್ಟು ನಾರುತ್ತಿತ್ತು. ಮುಂಡಗೋಡದ ಅಳಿಯ ಮತ್ತೆ ಹೇಳಿ ಕಳಿಸಿದ್ದ.

ನನಗೆ ಉಪಾಯ ಹೊಳೆಯಿತು. "ಖಾಲಾ, ದಾಂಡೇಲಿಗೆ ಹೊಳ್ಳಿ ಒಯ್ಯೂಣು. ಅಲ್ಲಿ ಯಾರಿಗೆ ಗೊತ್ತಾಗ್ತೈತಿ? ಚಾಳಿನಾಗ ಎಲ್ಲಾರೂ ಹಚ್ಕೊಂಡು ಖುಷ್ಯಾಗಿದ್ದಾರ. ಅರ್ಧಾ ದಿನದಾಗ ಖಾಲಿ ಮಾಡ್ತೇನಿ. ಸುಮ್ನಿರ್ರಿ ಅಷ್ಟ, ಬಾಯಿ ತೆರೀಬ್ಯಾಡ್ರಿ."

"ಹೂಂ. ಅಲ್ಲಿ ಮೂಗಿಲ್ಲ ಅಂತ ನನಗೂ ಗೊತ್ತೈತಿ," ಅಂದರು. "ನಾ ಹೇಳಿದ್ದಕ್ಕ ಆ ಮಂದಿ ಇಷ್ಟು ವರ್ಷ ಸಂತ್ಯಾಗ ಕೈ ಹಾಕ್ಯಾರ. ನಾ ಬ್ಯಾಡ ಅಂದ್ರ ಕೈಯಾಗಿಂದು ಇಟ್ಟು ಬಂದಾರ. ಹೋಗೂಣು. ಆದ್ರ ಬಾಯಿ ಮುಚ್ಚಿ ಮಾರಾಕಲ್ಲ."

ಒಂದೆರಡು ದಿನದಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಹೋದೆವು. ನಳದ ಹತ್ತಿರ, ಎಲ್ಲರೂ ಸೇರುವ ಹೊತ್ತಿಗೆ, ಖಾಲಾ ಪೆಟ್ಟಿಗೆಗಳನ್ನು ಇಳಿಸಿ ಅವುಗಳ ಮುಂದೆ ನಿಂತರು. ಯಾರೂ ಏನೂ ಕೇಳುವ ಮೊದಲೇ ಶುರು ಮಾಡಿದರು.

"ಕೇಳ್ರಿ. ನಾ ಹಂಚಿದ ಸಾಬಾಣಕ್ಕ ಸಿಗಡಿ ನಾತ ಐತಿ. ನನಗ ಗೊತ್ತಿದ್ದಿಲ್ಲ, ಈಗ ಗೊತ್ತಾತು. ನಿಮಗ ಬರೂದಿಲ್ಲ, ಹೊರಗಿನವರಿಗೆ ಬರತೈತಿ. ಬೆಕ್ಕು ಅದಕ್ಕ ಬಂದಿದ್ದವು. ಮೈಗೆ ಏನೂ ಆಗೂದಿಲ್ಲ, ನೊರಿ ಛಲೋ ಬರತೈತಿ. ನಾ ತಗೊಂಡ ರೇಟಿಗೇ ಕೊಡತೇನಿ. ಬ್ಯಾಡಾದವರು ಬಿಡ್ರಿ, ಹಿಂದ ಕೊಟ್ಟದ್ದನ್ನೂ ಹೊಳ್ಳಿ ಕೊಡ್ರಿ, ಬ್ಯಾರೆ ಕೊಡತೇನಿ."

ಎಲ್ಲರೂ ಬಿಲ್ಲೆ ಎತ್ತಿ ಮೂಸಿದರು. ಒಬ್ಬರ ಮುಖ ಒಬ್ಬರು ನೋಡಿದರು.

"ಎಲ್ಲೈತ್ರಿ ಸಿಗಡಿ?"

"ನನಗಂತೂ ಗುಲಾಬಿನ ಬರಾಕತ್ತೈತಿ."

"ಖಾಲಾ ಈ ನಕಲಿ ಜೋಡಿ ಇದ್ದು ಇದ್ದು ತಾವೂ ನಕಲಿ ಮಾಡಾಕ ಕಲತಾರ."

ಮೂಲೆಯ ಮನೆಯ ಅಕ್ಕ ಒಬ್ಬರೇ ಮೀನು ಮುಟ್ಟದವರು. ಅವರು ತಮ್ಮ ಬಿಲ್ಲೆಯನ್ನು ಎರಡು ಬೆರಳಲ್ಲಿ ಹಿಡಿದು ತಂದರು. "ಖಾಲಾ, ಇದನ್ನ ಹಚ್ಕೊಂಡ ನಾ ಸೋಮವಾರ ಪೂಜಾ ಮಾಡೀನಿ" ಅಂದರು. ಖಾಲಾ ಅವರ ಕೈ ಹಿಡಿದು, "ಮೀನಿಲ್ಲವ್ವಾ ಅದರಾಗ, ಬರೇ ವಾಸನಿ. ತಪ್ಪು ನಂದು, ನಿಮ್ಮ ದೇವರಿಗೆ ನನ್ನ ಹೆಸರು ಹೇಳ್ರಿ" ಎಂದು ಹೊರಸಿನ ಕೆಳಗಿನ ಹಳೆಯ ದಾಸ್ತಾನಿನಿಂದ ತಂದಿದ್ದ ಚಂದನದ ಬಿಲ್ಲೆ ಕೊಟ್ಟರು. ಅಕ್ಕ ಸ್ವಲ್ಪ ಯೋಚಿಸಿ, "ಪೂಜಾಕ್ಕ ಇದು. ಅರಿವಿ ಒಗ್ಯಾಕ ಅದನ್ನೂ ನಾಕು ಕೊಡ್ರಿ" ಅಂದರು.

ಕಾರ್ಖಾನೆಯ ಮಧ್ಯಾಹ್ನದ ಭೋಂಗಾ ಕೂಗುವಷ್ಟರಲ್ಲಿ ಪೆಟ್ಟಿಗೆಗಳು ಖಾಲಿ. ಆ ದುಡ್ಡಿನಲ್ಲಿ ಖಾಲಾ ದಾಂಡೇಲಿ ಪೇಟೆಯಲ್ಲೇ ಛತ್ರಿ, ಕಂದೀಲಿನ ಬತ್ತಿ, ಬ್ಯಾಟರಿ ಸೆಲ್ಲು ಕೊಂಡರು. ಜೊಯಿಡಾದವರು ಬಾಗಿಲಿಗೆ ಬಂದು ಕೇಳಿ ಕೇಳಿ ಹೋಗುತ್ತಿದ್ದದ್ದು ಅವನ್ನೇ. ಗಂಟುಗಳನ್ನು ಹೊತ್ತು ನಾನು ಜೊಯಿಡಾ ಬಸ್ಸು ಹತ್ತಿದೆ. ಖಾಲಾ ಕಿಟಕಿಯ ಪಕ್ಕ, ನಾನು ಅವರ ಪಕ್ಕ.

"ನಾತ ಐತಿ ಅಂದ್ರೂ ತಗೊಂಡ್ರಲ್ಲ ಖಾಲಾ," ಎಂದೆ. "ಹುಚ್ಚು ಮಂದಿ."

"ಹುಚ್ಚರಲ್ಲೋ. ಮಾರೋರು ತಾವಾಗಿ ಐಬು ಹೇಳಿದ್ದನ್ನ ಅವರು ಯಾವಾಗರೆ ಕೇಳ್ಯಾರೇನು? ಅದಕ್ಕ ತಗೊಂಡ್ರು." ಆಮೇಲೆ ತಮಗೇ ಹೇಳಿಕೊಳ್ಳುವಂತೆ, "ಮುಂಡಗೋಡಕ್ಕ ಹೋಗೂದಿಲ್ಲ," ಅಂದರು. "ಹೋದ್ರ ಈದಿಗೆ ಹೋಗೂದು, ಉಂಡು ಬರೂದು."

ಬಸ್ಸು ಊರು ದಾಟಿ ಕಾಡಿನ ಗಾಳಿಗೆ ಬಿತ್ತು. ಖಾಲಾ ಕಿಟಕಿಗೆ ಮುಖವೊಡ್ಡಿ ದೀರ್ಘವಾಗಿ ಉಸಿರೆಳೆದರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು.

"ನೀ ಇವತ್ತ ಯಾವ ಸಾಬಾಣದಿಂದ ಜಳಕಾ ಮಾಡಿ?"

"ನೀವ ಕೊಟ್ಟದ್ದು, ಖಾಲಾ."

"ಹಿಂದ ಹೋಗಿ ಕುಂದ್ರು."

ಎದ್ದೆ. ನನ್ನ ಜಾಗದಲ್ಲಿ ಖಾಲಾ ಛತ್ರಿಗಳ ಗಂಟನ್ನು ಇಟ್ಟುಕೊಂಡರು. ಕೊನೆಯ ಸೀಟಿನಲ್ಲಿ ಕೂತಿದ್ದ ಜೊಯಿಡಾದವನೊಬ್ಬ ನಾನು ಕೂತ ಕೂಡಲೇ ಎದ್ದು ಬಾಗಿಲ ಬಳಿ ನಿಂತ. ಅಲ್ಲಿಂದಲೇ ಕೂಗಿ ಕೇಳಿದೆ, "ಖಾಲಾ, ಈಗೂ ನಾತ ಬರತೈತೇನ್ರಿ?"

ಅವರು ತಿರುಗಿ ನೋಡಲಿಲ್ಲ. ಕೈ ಎತ್ತಿ, ಇನ್ನೂ ಹಿಂದಕ್ಕೆ ಹೋಗು ಎಂದು ಸನ್ನೆ ಮಾಡಿದರು. ನನ್ನ ಹಿಂದೆ ಬಸ್ಸಿನ ಗಾಜು, ಗಾಜಿನಾಚೆ ರಸ್ತೆ, ಅಷ್ಟೇ ಉಳಿದಿತ್ತು.